‘ಪಾಸ್ಕಲ್ ಫುಲ್ ಮೂನ್’ ಅಂದರೆ ಚೈತ್ರ ಹುಣ್ಣಿಮೆಯೇ?

ಪ್ರಶ್ನೆ: ಈಸ್ಟರ್ ತಾರೀಖು ಗೊತ್ತುಮಾಡುವ ಬಗೆಯ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ಎರಡು ಪದ ಕಾಡುತ್ತಿವೆ: ‘ಪಾಸ್ಕಲ್ ಫುಲ್ ಮೂನ್’ ಮತ್ತು ‘ಎಪಾಕ್ಟ್’. ಮೊದಲನೆಯದಕ್ಕೆ ‘ಚೈತ್ರ ಹುಣ್ಣಿಮೆ’ ಎಂದರೆ ಓದುಗರಿಗೆ ಥಟ್ಟನೆ ತಿಳಿಯುವುದಲ್ಲವೇ?

ಉತ್ತರ: ತಿಳಿಯುತ್ತದೆ, ತಪ್ಪಾಗಿ. ಪಾಸ್ಕಲ್ ಫುಲ್ ಮೂನ್ ಎಂದರೆ ಚರ್ಚಿನ ಲೆಕ್ಕದಲ್ಲಿ ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ; ಅದು ಕಳೆದ ಮೇಲಿನ ಮೊದಲ ಭಾನುವಾರವೇ ಈಸ್ಟರ್. 2024ರಲ್ಲಿ ಆ ಹುಣ್ಣಿಮೆ ಬಿದ್ದದ್ದು ಮಾರ್ಚ್ 25ಕ್ಕೆ. ಅಂದು ನಮ್ಮಲ್ಲಿ ಹೋಳಿ, ಅಂದರೆ ಫಾಲ್ಗುಣ ಹುಣ್ಣಿಮೆ. ಈಸ್ಟರ್ ಮಾರ್ಚ್ 31ಕ್ಕೆ ಮುಗಿದೇ ಹೋಯಿತು; ಚೈತ್ರ ಹುಣ್ಣಿಮೆ ಬಂದದ್ದು ಏಪ್ರಿಲ್ 23ಕ್ಕೆ. 2016, 2021ರಲ್ಲೂ ಹೀಗೇ ಆಗಿತ್ತು. ನಮ್ಮ ಚೈತ್ರಕ್ಕೆ ಗೂಟ ಏಪ್ರಿಲ್ 14ರ ಸುಮಾರಿನ ಮೇಷ ಸಂಕ್ರಮಣ. ಚರ್ಚಿನ ಲೆಕ್ಕಕ್ಕೆ ಗೂಟ ಮಾರ್ಚ್ 21, ವಿಷುವದ (ಹಗಲು-ರಾತ್ರಿ ಸಮವಾಗುವ) ದಿನವೆಂದು ಅದು ಹಿಡಿದದ್ದು. ಹೀಗೆ ಮೂರು ವಾರಕ್ಕೂ ಮಿಕ್ಕಿದ ಅಂತರವಿರುವುದರಿಂದ ಕೆಲವು ವರ್ಷ ಎರಡೂ ಕೂಡುತ್ತವೆ, ಕೆಲವು ವರ್ಷ ಒಂದು ತಿಂಗಳು ತಪ್ಪುತ್ತವೆ.

ಇನ್ನೊಂದು ತೊಡಕಿದೆ. ಇದು ಆಕಾಶದಲ್ಲಿ ಕಾಣುವ ಹುಣ್ಣಿಮೆಯೇ ಅಲ್ಲ, ಕೋಷ್ಟಕದ್ದು. 2019ರಲ್ಲಿ ವಿಷುವವೂ ಹುಣ್ಣಿಮೆಯೂ ನಮ್ಮ ಗಡಿಯಾರದಲ್ಲಿ ಮಾರ್ಚ್ 21ರ ಬೆಳಗ್ಗೆಯೇ ಆದವು: ಮೊದಲು ವಿಷುವ, ಮೂರೂ ಮುಕ್ಕಾಲು ಗಂಟೆ ಕಳೆದು ಹುಣ್ಣಿಮೆ. ಆಕಾಶವನ್ನು ನೋಡಿ ಹೇಳುವುದಾದರೆ ಈಸ್ಟರ್ ಮಾರ್ಚ್ 24ಕ್ಕೆ ಬರಬೇಕಿತ್ತು. ಬಂದದ್ದು ಏಪ್ರಿಲ್ 21ಕ್ಕೆ. ಕಾರಣ, ಎಪಾಕ್ಟ್.

ಎಪಾಕ್ಟ್ ಎಂದರೆ ಜನವರಿ 1ರಂದು ಚಂದ್ರನ ವಯಸ್ಸು, ಅಂದರೆ ಅಮಾವಾಸ್ಯೆಯಿಂದ ಕಳೆದ ದಿನಗಳು. ಸಾಮಾನ್ಯವಾಗಿ ಪ್ರತಿ ವರ್ಷ 11 ಕೂಡುತ್ತದೆ, 30 ಮುಟ್ಟಿದರೆ ಅಥವಾ ಮೀರಿದರೆ 30 ಬಿಡಬೇಕು. ಅಧಿಕಮಾಸ ಹುಟ್ಟುವುದೂ ಇದೇ ಹನ್ನೊಂದರಿಂದ ಅನ್ನುವುದು ಪಂಚಾಂಗ ಬಲ್ಲವರಿಗೆ ಹೊಳೆದಿರುತ್ತದೆ. 1900ರಿಂದ 2199ರವರೆಗೆ ಲೆಕ್ಕ ಹೀಗೆ: ಇಸವಿಯನ್ನು 19ರಿಂದ ಭಾಗಿಸಿ, ಶೇಷವನ್ನು 11ರಿಂದ ಗುಣಿಸಿ, 29 ಕೂಡಿಸಿ, 30ರಿಂದ ಭಾಗಿಸಿದಾಗ ಉಳಿದದ್ದು ಎಪಾಕ್ಟ್. ಅದನ್ನು 44ರಿಂದ ಕಳೆದರೆ ಹುಣ್ಣಿಮೆಯ ಮಾರ್ಚ್ ತಾರೀಖು. 31 ಮೀರಿದರೆ ಏಪ್ರಿಲ್‌ಗೆ ದಾಟಿಸಿ. 2026ಕ್ಕೆ ಶೇಷ 12, ಎಪಾಕ್ಟ್ 11, ಉತ್ತರ 33, ಅಂದರೆ ಏಪ್ರಿಲ್ 2, ಗುರುವಾರ. ಈಸ್ಟರ್ ಏಪ್ರಿಲ್ 5. 2019ರ ಎಪಾಕ್ಟ್ 24. ಕಳೆದರೆ ಬರುವುದು ಮಾರ್ಚ್ 20. ಒಂದೇ ದಿನದಲ್ಲಿ ಗಡಿ ತಪ್ಪಿತು! 21ಕ್ಕಿಂತ ಕಡಿಮೆ ಬಂದರೆ 30 ಕೂಡಿಸಬೇಕು: 50, ಅಂದರೆ ಏಪ್ರಿಲ್ 19. ಎಪಾಕ್ಟ್ 24 ಇದ್ದಾಗ ಒಂದು ದಿನ ಹಿಂದಕ್ಕೆಳೆಯುವ ನಿಯಮವುಂಟು (25ಕ್ಕೂ ಕೆಲವೊಮ್ಮೆ), ಹಾಗಾಗಿ ಏಪ್ರಿಲ್ 18.

ಪದಕ್ಕೆ ಬರೋಣ. ಕನ್ನಡ ಬೈಬಲಿನಲ್ಲಿ ‘ಪಸ್ಕ ಹಬ್ಬ’ ಎಂಬ ಬಳಕೆ ಇದೆಯಲ್ಲ. ‘ಪಸ್ಕ ಹುಣ್ಣಿಮೆ’ ಎನ್ನಿ, ಮೊದಲ ಸಲ ಬರುವಲ್ಲಿ ‘ಲೆಕ್ಕದ ಹುಣ್ಣಿಮೆ’ ಎಂದು ಬಿಡಿಸಿ ಹೇಳಿ. ಎಪಾಕ್ಟ್‌ಗೆ ಸಿದ್ಧಾಂತ ಜ್ಯೋತಿಷದ ‘ಶುದ್ಧಿ’ ಹತ್ತಿರದ್ದು, ಆದರೆ ಅದನ್ನು ಎಣಿಸುವುದು ಸೌರವರ್ಷದ ಮೊದಲಿಗೆ, ಅದೂ ತಿಥಿಗಳಲ್ಲಿ. ಮೇಲಾಗಿ ಇಂದಿನ ಓದುಗರು ಅದನ್ನು ಮಡಿ-ಮೈಲಿಗೆಯ ಶುದ್ಧಿ ಅಂದುಕೊಳ್ಳುತ್ತಾರೆ. ಎಪಾಕ್ಟ್ ಎಂದೇ ಉಳಿಸುವುದು ಮೇಲು.

ಮತ್ತೊಂದು ಉತ್ತರ: ಮೇಲಿನದಕ್ಕೆ ಎರಡು ಮಾತು ಸೇರಿಸುವೆ. ಲ್ಯಾಟಿನ್ ಮೂಲದಲ್ಲಿ ಇರುವುದು ಹುಣ್ಣಿಮೆಯಲ್ಲ, ‘ಚಂದ್ರನ 14ನೇ ದಿನ’. ಇದನ್ನು ‘ಚತುರ್ದಶಿ’ ಮಾಡಿಬಿಡಬೇಡಿ. ತಿಥಿ ದಿನದ ನಡುವೆ ಮುಗಿಯುತ್ತದೆ. ಚರ್ಚಿನದು ಇಡೀ ದಿನಗಳ ಎಣಿಕೆ. ಇನ್ನು, ನಿಯಮದ ವಾಕ್ಯದಲ್ಲಿ ‘ಅಂದು’ ಮತ್ತು ‘ಆಮೇಲೆ’ ಅದಲುಬದಲಾದರೆ ತಾರೀಖೇ ಕೆಡುತ್ತದೆ. ಹುಣ್ಣಿಮೆ ಮಾರ್ಚ್ 21ರಂದೇ ಬಿದ್ದರೂ ನಡೆಯುತ್ತದೆ. ಭಾನುವಾರ ಮಾತ್ರ ಹುಣ್ಣಿಮೆ ಕಳೆದ ಮೇಲಿನದೇ ಆಗಬೇಕು. 2025ರಲ್ಲಿ ಪಸ್ಕ ಹುಣ್ಣಿಮೆ ಏಪ್ರಿಲ್ 13, ಭಾನುವಾರವೇ. ಈಸ್ಟರ್ ಅಂದಲ್ಲ, 20ಕ್ಕೆ. ಆದ್ದರಿಂದ ವಾಕ್ಯ ಹೀಗಿರಲಿ: ‘ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಪಸ್ಕ ಹುಣ್ಣಿಮೆ ಕಳೆದ ಮರುದಿನದಿಂದ ಎಣಿಸಿದರೆ ಸಿಗುವ ಮೊದಲ ಭಾನುವಾರ.’