ಕೊಲ್ಲಿ: ಗುಡ್ಡದ್ದೂ ಕಡಲಿನದ್ದೂ ಒಂದೇ ಪದವಾ?

ನಮ್ಮ ಮೂಡಿಗೆರೆ ಕಡೆ ಕೊಲ್ಲಿ ಅಂದರೆ ಎರಡು ಗುಡ್ಡಗಳ ನಡುವಿನ ತಗ್ಗು. ಬೇಸಿಗೆಯಲ್ಲೂ ತೇವ ಆರದ ಜಾಗ. ಏಲಕ್ಕಿ ಹಾಕೋದು ಅಲ್ಲೇ, ಕಲ್ಲು ಮಗುಚಿ ಏಡಿ ಹಿಡಿಯೋದೂ ಅಲ್ಲೇ. "ದನ ಕೊಲ್ಲಿಗೆ ಇಳಿದಿದೆ" ಅಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊಡವರ ಮಾತಿನಲ್ಲೂ ಕೊಲ್ಲಿ ಅಂದರೆ ಸಣ್ಣ ತೊರೆ. ಹಾಗಾಗಿ ಶಾಲೆಯಲ್ಲಿ ಬಂಗಾಳ ಕೊಲ್ಲಿ ಅಂತ ಓದಿದಾಗ ನನ್ನ ತಲೆಗೆ ಹತ್ತಲೇ ಇಲ್ಲ. ಅಷ್ಟು ದೊಡ್ಡ ಸಮುದ್ರ ಕೊಲ್ಲಿ ಹೇಗಾಗುತ್ತದೆ?

ಹೋದ ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೋಗಿದ್ದೆ. ಓಂ ಬೀಚಿನಲ್ಲಿ ಎರಡು ಅರ್ಧಚಂದ್ರದ ದಡಗಳು ಕೂಡುವ ಕಡೆ ಬಂಡೆಗಳಿವೆಯಲ್ಲ, ಅಲ್ಲೊಬ್ಬರು ಹಿರಿಯರು ಗಾಳ ಹಾಕಿ ಕೂತಿದ್ದರು (ನಮ್ಮ ಮನೆಯಲ್ಲಿ ಗಾಣ ಅಂತೀವಿ, ಎಣ್ಣೆಯದ್ದಲ್ಲ, ಮೀನಿನದ್ದು). ಕೋಲು ಇಲ್ಲ. ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ದಾರ, ತುದಿಗೆ ಸೀಸದ ಗುಂಡು, ಕೊಕ್ಕೆಗೆ ಸಿಗಡಿ ಚೂರು. ಅಲೆ ಹಿಂದೆ ಸರಿಯೋ ತನಕ ಕಾದು, ಬೀಸಿ ಎಸೆದು, ತೋರುಬೆರಳ ಮೇಲೆ ದಾರ ಇಟ್ಟುಕೊಂಡು ಸುಮ್ನೆ ಕೂರುತ್ತಿದ್ದರು, ಬೆರಳು ಒಂಚೂರು ಅದುರಿದರೆ ಸಾಕು ಎಳೆಯುತ್ತಿದ್ದರು. ಅವರ ಪಕ್ಕ ನಿಂತು ನೋಡಿದರೆ ಎರಡೂ ಕಡೆ ಗುಡ್ಡ ನೀರಿಗೆ ಇಳಿದಿದೆ, ನಡುವೆ ಕಡಲು ಒಳಗೆ ಬಂದಿದೆ. ನಮ್ಮ ಕೊಲ್ಲಿಯೇ! ತೊರೆ ಇರಬೇಕಾದಲ್ಲಿ ಸಮುದ್ರ ತುಂಬಿದೆ, ಅಷ್ಟೇ.

ಈ ಕೊಲ್ಲಿಯಲ್ಲಿ ಯಾವ ಮೀನು ಜಾಸ್ತಿ ಅಂತ ಕೇಳಿದೆ. ಅವರಿಗೆ ನನ್ನ ಕೊಲ್ಲಿ ಅರ್ಥವಾಗಲಿಲ್ಲ. "ಈ ಬೇಲೆಲಾ?" ಅಂದರು. ಆದರೆ ಬೇಲೆ ಅಂದರೆ ಮರಳಿನ ದಡ ಅಲ್ವಾ? ನಾನು ಕೇಳಿದ್ದು ದಡದ ಒಳಕ್ಕೆ ಬಾಗಿ ನಿಂತ ನೀರನ್ನು.

ನನ್ನ ಊಹೆ ಇಷ್ಟು. ಕೊಲ್ಲಿಯ ಮೂಲ ಅರ್ಥ ನೀರೂ ಅಲ್ಲ, ತಗ್ಗೂ ಅಲ್ಲ, ಒಳಕ್ಕೆ ಬಾಗಿರುವ ಆಕಾರ. ಅದಕ್ಕೇ ಬಂಗಾಳ ಕೊಲ್ಲಿ, ಖಂಬಾತ್ ಕೊಲ್ಲಿ ಎರಡಕ್ಕೂ ನಮಗೆ ಒಂದೇ ಪದ ಸಾಕಾಗುತ್ತದೆ, ಇಂಗ್ಲಿಷಿನಲ್ಲಿ ಎರಡು ಬೇಕು (ಬೇ, ಗಲ್ಫ್). ಬೆಳಗಾವಿ ಕಡೆಯ ಶಬರಿಕೊಳ್ಳದ 'ಕೊಳ್ಳ' ಇದರ ನಂಟಾ ಅನ್ನೋದು ಇನ್ನೊಂದು ಪ್ರಶ್ನೆ. ದಯವಿಟ್ಟು ಬಂಗಾಳ 'ಕೊಳ್ಳಿ' ಅಂತ ಮಾತ್ರ ಬರೆಯಬೇಡಿ, ಅದು ಉರಿಯುವ ಸೌದೆ.

ಕುಮಟಾ, ಹೊನ್ನಾವರ, ಭಟ್ಕಳದವರು ಹೇಳಿ: ಬಂಡೆಗಳ ನಡುವೆ ಹೀಗೆ ಒಳಗೆ ಬಂದ ಕಡಲಿಗೆ ಮೀನು ಹಿಡಿಯುವವರು ಏನಂತಾರೆ? ಕೊಲ್ಲಿ ಅಂತ ನಿಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ್ದೀರಾ?