ಪುಟ್ಟನ ಕಾಡುದಾರಿ ರೇಸಿನ ಬಗ್ಗೆ, ಚಿಕ್ಕಮ್ಮನಿಗೆ

ಚಿಕ್ಕಮ್ಮಾ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಮೆಸೇಜನ್ನು ಮಧ್ಯಾಹ್ನವೇ ನೋಡಿದ್ದೆ. ಒಂದು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುವ ವಿಷಯ ಅಲ್ಲ ಅಂತ ಸುಮ್ಮನಿದ್ದೆ. ಈಗ ಊಟ ಆಯ್ತು, ಕೂತು ಸಮಾಧಾನದಿಂದ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಪೂರ್ತಿ ಕೇಳಿ, ಆಮೇಲೆ ಬೈಯುವುದಿದ್ದರೆ ಬೈಯಿರಿ.

ಪುಟ್ಟ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಬೈಕ್ ಹತ್ತಿಸುವ ವಿಡಿಯೊ ಹಾಕಿದ್ದು, ದೀಪಾವಳಿ ಆದಮೇಲೆ ಸಕಲೇಶಪುರದ ಕಡೆ ಒಂದು ಎಸ್ಟೇಟಿನಲ್ಲಿ ನಡೆಯುವ ಕಾಡುದಾರಿ ರೇಸಿಗೆ ಹೆಸರು ಕೊಟ್ಟಿದ್ದು, ಎರಡೂ ನಿನಗೆ ಒಂದೇ ದಿನ ಗೊತ್ತಾಗಿದೆ. "ಅವನಿಗೆ ಈ ಹುಚ್ಚು ಹಿಡಿಸಿದವಳು ನೀನೇ, ನೀನೇ ಬಿಡಿಸು" ಅಂತ ಬರೆದಿದ್ದೀಯ. ದೊಡ್ಡಪ್ಪ, ನೀವು "ಕೈಕಾಲು ಮುರಿದುಕೊಳ್ಳೋಕೆ ದುಡ್ಡು ಬೇರೆ ಕೊಡಬೇಕಾ" ಅಂತ ಕೇಳಿದ್ದೀರಿ. ಇಬ್ಬರಿಗೂ ಹೇಳುತ್ತೇನೆ. ರೇಸಿಗೆ ಹೋಗಬೇಡ ಅಂತ ನಾನು ಅವನಿಗೆ ಹೇಳುವುದಿಲ್ಲ. ಬೆಟ್ಟದಲ್ಲಿ ಬೈಕ್ ಹೊಡೆಯಬೇಡ ಅಂತ ಖಂಡಿತ ಹೇಳುತ್ತೇನೆ. ನಿಮಗೆಲ್ಲ ರೇಸು ಅಪಾಯ, ಬೆಟ್ಟದಲ್ಲಿ ಓಡಿಸಿದ್ದು ಹುಡುಗಾಟ ಅನ್ನಿಸಿದೆ. ನನಗೆ ಅದು ಉಲ್ಟಾ ಕಾಣುತ್ತದೆ.

ಮೊದಲು ಈ ರೇಸು ಏನು ಅಂತ ಹೇಳುತ್ತೇನೆ. ಟಿವಿಯಲ್ಲಿ ಡಾಂಬರಿನ ಮೇಲೆ ಮಂಡಿ ತಾಗಿಸಿ ಹೋಗುತ್ತಾರಲ್ಲ, ಅದಲ್ಲ. ಖಾಸಗಿ ಜಾಗದಲ್ಲಿ ಮರಗಳ ನಡುವೆ ಐದಾರು ಕಿಲೋಮೀಟರಿನ ಒಂದು ಸುತ್ತು ಮಾಡಿರುತ್ತಾರೆ. ಉದ್ದಕ್ಕೂ ರಿಬ್ಬನ್ನು, ಬಾಣದ ಗುರುತು ಇರುತ್ತದೆ. ಬೈಕುಗಳನ್ನು ಎಂಜಿನ್ ಆಫ್ ಮಾಡಿ ಸಾಲಾಗಿ ನಿಲ್ಲಿಸುತ್ತಾರೆ. ಬಾವುಟ ಬೀಸಿದ ಮೇಲೆ ಸ್ಟಾರ್ಟ್ ಮಾಡಿ ಹೊರಡಬೇಕು. ಎರಡು ಗಂಟೆಯಲ್ಲಿ ಯಾರು ಜಾಸ್ತಿ ಸುತ್ತು ಹಾಕುತ್ತಾರೋ ಅವರು ಗೆದ್ದರು. ಇದಕ್ಕೆ ಹೇರ್ ಸ್ಕ್ರ್ಯಾಂಬಲ್ ಅನ್ನುತ್ತಾರೆ. ಎಂಡ್ಯೂರೊ ಅಂತ ಇನ್ನೊಂದು ಇದೆ. ಅದರಲ್ಲಿ ಸವಾರರನ್ನು ನಿಮಿಷ ನಿಮಿಷ ಬಿಟ್ಟು ಕಳಿಸುತ್ತಾರೆ, ಗಡಿಯಾರದ ಜೊತೆ ಸ್ಪರ್ಧೆ. ಇದೇನು ಈಗಿನ ಹುಡುಗರ ಹೊಸ ಶೋಕಿ ಅಲ್ಲ ದೊಡ್ಡಪ್ಪ. ಆರು ದಿನದ ಎಂಡ್ಯೂರೊ ಒಂದಿದೆ, ಅದು 1913ರಲ್ಲೇ ಇಂಗ್ಲೆಂಡಿನ ಕಾರ್ಲೈಲ್ ಊರಿನಲ್ಲಿ ಶುರುವಾಗಿದ್ದು.

ಚಿಕ್ಕಮ್ಮಾ, ನೀನು ಸಂತೋಷ್ ಅವರ ಸುದ್ದಿ ನೆನಪು ಮಾಡಿದ್ದೀಯ. ನಿಜ. 2021ರ ಜನವರಿಯಲ್ಲಿ ಸೌದಿ ಅರೇಬಿಯಾದಲ್ಲಿ ಡಕಾರ್ ರ‍್ಯಾಲಿ ನಡೆಯುವಾಗ ನಮ್ಮ ಬೆಂಗಳೂರಿನ ಬೈಕ್ ರೇಸರ್ ಸಿ. ಎಸ್. ಸಂತೋಷ್ ಬಿದ್ದರು, ತಲೆಗೆ ಪೆಟ್ಟಾಗಿ ಡಾಕ್ಟರುಗಳು ಅವರನ್ನು ಕೋಮಾದಲ್ಲಿ ಇಟ್ಟಿದ್ದರು. ಆ ದಿನಗಳಲ್ಲಿ ನಾನೂ ನಿದ್ದೆ ಮಾಡಿರಲಿಲ್ಲ. 2015ರಲ್ಲಿ ಡಕಾರ್ ಪೂರ್ತಿ ಮಾಡಿದ ಮೊದಲ ಭಾರತೀಯ ಅವರು. ಅವರಿಂದಲೇ ನಮ್ಮಂಥವರಿಗೆ ಇದೊಂದು ಕಲಿಯುವ ವಿದ್ಯೆ ಅಂತ ಗೊತ್ತಾಗಿದ್ದು. ದೇವರ ದಯೆಯಿಂದ ಹುಷಾರಾದರು. ಆದರೆ ಡಕಾರ್ ಮರಳುಗಾಡಿನ ಆಟ. ಅಲ್ಲಿ ಗಂಟೆಗೆ ನೂರು ಕಿಲೋಮೀಟರಿನ ಮೇಲೆ ಹೋಗುತ್ತಿರುತ್ತಾರೆ. ಮರಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಇಪ್ಪತ್ತು, ಇಪ್ಪತ್ತೈದು ಬಂದರೆ ಜಾಸ್ತಿ. ದೇವಿಮನೆ ಘಟ್ಟದಲ್ಲಿ ಕುಮಟಾ ಬಸ್ಸು ಇದಕ್ಕಿಂತ ಜೋರಾಗಿ ಇಳಿಯುತ್ತದೆ. ಹಾಗಂತ ಪೆಟ್ಟಾಗುವುದೇ ಇಲ್ಲ ಅಂತ ಹೇಳಿ ನಿನ್ನನ್ನು ನಂಬಿಸುವುದಿಲ್ಲ. ಆಗುತ್ತದೆ. ಮಣಿಕಟ್ಟು, ಹೆಗಲೆಲುಬು, ಮೊಣಕಾಲು, ಹಿಮ್ಮಡಿಯ ಗಂಟು, ಇವು ಪೆಟ್ಟಾಗುವ ಜಾಗಗಳು.

ಕಾಡುದಾರಿಯಲ್ಲಿ ಬೀಳಿಸುವುದು ಸ್ಪೀಡಲ್ಲ, ಸುಸ್ತು. ಪುಟ್ಟನ ಎಕ್ಸ್‌ಪಲ್ಸ್ ಬೈಕಿನ ತೂಕ ಸುಮಾರು 160 ಕೆಜಿ. ಮೂರು ಸಿಮೆಂಟ್ ಚೀಲದ ಮೇಲೇ ಆಯ್ತು. ಅದು ಮಲಗಿದಾಗಲೆಲ್ಲ ಒಬ್ಬನೇ ಎತ್ತಿ ನಿಲ್ಲಿಸಬೇಕು. ಇಳಿಜಾರಿನಲ್ಲಿ, ಕೆಸರಿನಲ್ಲಿ, ಹೆಲ್ಮೆಟ್ಟಿನೊಳಗೆ ಉಸಿರು ಕಟ್ಟುತ್ತಿರುವಾಗ. ನಾಲ್ಕನೇ ಸಲ ಎತ್ತುವ ಹೊತ್ತಿಗೆ ಕೈ ನಡುಗುತ್ತದೆ. ಮುಂಗೈ ಕಲ್ಲಿನ ಹಾಗೆ ಬಿಗಿದು ಕ್ಲಚ್ ಹಿಡಿಯಲು ಬೆರಳು ಮಡಚುವುದಿಲ್ಲ. ಆಗ ಏನಾಗುತ್ತದೆ ಅಂದರೆ, ನಿಂತು ಓಡಿಸುತ್ತಿದ್ದವರು ಸೀಟಿನ ಮೇಲೆ ಕೂತುಬಿಡುತ್ತಾರೆ. ಕೂತರೆ ಬೈಕಿನ ಪ್ರತಿ ಹೊಡೆತ ಬೆನ್ನಿಗೇ ಬರುತ್ತದೆ, ಚಕ್ರ ಜಾರಿದರೆ ಸರಿಮಾಡುವ ಅವಕಾಶ ಇರುವುದಿಲ್ಲ. ನಿಂತು ಓಡಿಸುವುದು ಅಂದರೆ ಇಡೀ ಮೈಭಾರ ಕಾಲಿನ ಮೇಲೆ, ಮಂಡಿ ಟ್ಯಾಂಕಿಗೆ ಒತ್ತಿ, ಕೈ ಸಡಿಲ. ಎರಡು ಗಂಟೆ ಹಾಗೇ ನಿಲ್ಲಬೇಕು.

ಇನ್ನೊಂದು ಕಣ್ಣು. ಅಡಿಕೆ ಕೊನೆ ಇಳಿಸುವ ನಮ್ಮ ಕೊನೆಗೌಡ ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಜೀಕುವುದನ್ನು ಎಲ್ಲರೂ ನೋಡಿದ್ದೀರಿ. ಅವನು ಕಾಲಿಟ್ಟ ಮರ ನೋಡುತ್ತಾನಾ? ಇಲ್ಲ, ಮುಂದಿನ ಮರ ನೋಡುತ್ತಾನೆ. ಇಲ್ಲೂ ಅದೇ. ಎದುರಿನ ಬೇರನ್ನೋ ಬಂಡೆಯನ್ನೋ ದಿಟ್ಟಿಸಿದರೆ ಬೈಕ್ ಅಲ್ಲಿಗೇ ಹೋಗಿ ಗುದ್ದುತ್ತದೆ. ಮುಂದೆ ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಬೇಕು. ಒದ್ದೆ ಬೇರನ್ನು ಓರೆಯಾಗಿ ಹತ್ತಿಸಬಾರದು, ನೇರ ಅಡ್ಡಲಾಗಿ ದಾಟಬೇಕು, ದಾಟುವಾಗ ಬ್ರೇಕ್ ಮುಟ್ಟಬಾರದು. ದರಕಿನ, ಅಂದರೆ ಉದುರಿದ ಒಣ ಎಲೆಗಳ, ಅಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಳ್ಳದ ಕಲ್ಲಿನ ಮೇಲಿನ ಹಾವಸೆಯಲ್ಲಿ ಎಂಥ ಟೈರೂ ನಿಲ್ಲುವುದಿಲ್ಲ. ಟೈರಿನ ಗಾಳಿಯನ್ನೂ ಇಳಿಸುತ್ತೇವೆ. ರಸ್ತೆಗೆ 25 ಪಿಎಸ್‌ಐ ಮೇಲೆ ಇದ್ದರೆ ಕಾಡಿಗೆ 12ರಿಂದ 15. ಆಗ ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಇದನ್ನೆಲ್ಲ ಕಲಿಸುವವರು ಇದ್ದಾರೆ. ಕೋಲಾರದ ಹತ್ತಿರ ಸಂತೋಷ್ ಅವರೇ ಶುರುಮಾಡಿದ ಡರ್ಟ್ ಪಾರ್ಕ್ ಇದೆ. ಪುಟ್ಟ ರೇಸಿಗಿಂತ ಮೊದಲು ಅಂಥ ಕಡೆ ಎರಡು ದಿನ ಕಲಿತು ಬರಲಿ. ಅದರ ಅರ್ಧ ದುಡ್ಡು ನನ್ನದು.

ಈಗ ನನ್ನ ಹೆಗಲಿನ ವಿಷಯ. ಸ್ಕೂಟರಿನಿಂದ ಬಿದ್ದೆ ಅಂತ ಆಯಿಗೆ ಹೇಳಿದ್ದೆ. ಅದು ಸುಳ್ಳು. ಆಯೀ, ನೀನೂ ಇದೇ ಗುಂಪಿನಲ್ಲಿದ್ದೀಯ, ಕ್ಷಮಿಸು. ಅದು ನನ್ನ ಎರಡನೇ ರೇಸು. ಕೊನೆಯ ಸುತ್ತು. ನೀರಿನ ಚೀಲ ಖಾಲಿಯಾಗಿ ಅರ್ಧ ಗಂಟೆ ಆಗಿತ್ತು. ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಸೀಟಿನ ಮೇಲೆ ಕೂತೇ ಒಂದು ಬೇರು ದಾಟಲು ಹೋದೆ. ಮುಂದಿನ ಚಕ್ರ ಜಾರಿತು, ಎಡ ಹೆಗಲು ನೆಲಕ್ಕೆ ಬಡಿಯಿತು. ಟಕ್ ಅಂತ ಸದ್ದು ನನಗೇ ಕೇಳಿಸಿತು. ನನ್ನ ಹಿಂದೆ ಬರುತ್ತಿದ್ದ ಹುಡುಗ ಮೂರನೇ ಸ್ಥಾನದಲ್ಲಿದ್ದ. ಅವನು ಬೈಕ್ ನಿಲ್ಲಿಸಿ, ನನ್ನ ಬೈಕಿನ ಸ್ವಿಚ್ ಆಫ್ ಮಾಡಿ, ದಾರಿ ಕಾಯುವ ಮಾರ್ಷಲ್ ಬರುವ ತನಕ ನನ್ನ ಪಕ್ಕದಲ್ಲಿ ಕೂತ. ಸುಮಾರು ಹನ್ನೆರಡು ನಿಮಿಷ. ಅವನ ಮೂರನೇ ಸ್ಥಾನ ಹೋಯಿತು. ಅವನ ಮುಖದಲ್ಲಿ ಅದರ ಬೇಸರ ಒಂದು ಚೂರೂ ಇರಲಿಲ್ಲ. "ಅಕ್ಕಾ, ಮಾತಾಡ್ತಾ ಇರಿ, ನಿದ್ದೆ ಮಾಡಬೇಡಿ" ಅಂತ ನಮ್ಮೂರು, ತೋಟ, ಮನೆಯಲ್ಲಿ ಯಾರ‍್ಯಾರಿದ್ದಾರೆ ಅಂತೆಲ್ಲ ಕೇಳುತ್ತಲೇ ಇದ್ದ.

ಈ ಆಟದ ರೀತಿಯೇ ಹಾಗೆ. ಆಸ್ಟ್ರಿಯಾದಲ್ಲಿ ಒಂದು ಕಬ್ಬಿಣದ ಗಣಿಯಲ್ಲಿ ಎರ್ಜ್‌ಬರ್ಗ್ ಅಂತ ರೇಸು ನಡೆಯುತ್ತದೆ. ಐನೂರು ಜನ ಹೊರಡುತ್ತಾರೆ, ನಾಲ್ಕು ಗಂಟೆಯೊಳಗೆ ಮುಗಿಸುವವರು ಕೆಲವೇ ಜನ. 2015ರಲ್ಲಿ ಮುಂದಿದ್ದ ನಾಲ್ವರು ಕಾಡಿನ ಒಂದು ಕಡಿದಾದ ಇಳಿಜಾರಿನಲ್ಲಿ ಸಿಕ್ಕಿಕೊಂಡರು. ಬೈಕನ್ನು ಒಬ್ಬೊಬ್ಬರಿಂದ ಮೇಲೆ ತರಲು ಆಗಲೇ ಇಲ್ಲ. ನಾಲ್ವರೂ ಸೇರಿ ಒಂದೊಂದೇ ಬೈಕನ್ನು ಎಳೆದು ಹತ್ತಿಸಿದರು. ಕೊನೆಗೆ ನಾಲ್ವರನ್ನೂ ಗೆದ್ದವರು ಅಂತ ಘೋಷಿಸಿದರು. ಪುಟ್ಟನಿಗೆ ಹತ್ತು ಸಲ ಈ ಕತೆ ಹೇಳಿದ್ದೇನೆ. ಅವನಿಗೆ ಹುಚ್ಚು ಹಿಡಿಸಿದ್ದು ನಾನೇ ಅಂದೆಯಲ್ಲ ಚಿಕ್ಕಮ್ಮಾ, ಹಿಡಿಸಿದ್ದು ಇದನ್ನು.

ದುಡ್ಡಿನ ಮಾತು. ದೊಡ್ಡಪ್ಪ ಕೇಳಿದ್ದು ಸರಿ, ಇದರಲ್ಲಿ ಗಳಿಕೆ ಇಲ್ಲ. ಖರ್ಚು ಇದೆ. ಒಳ್ಳೆಯ ಬೂಟಿಗೇ ಹದಿನೈದು ಸಾವಿರದ ಮೇಲೆ. ಆದರೆ ಬೂಟು ಬಿಟ್ಟು ಬೇರೆ ಎಲ್ಲದರಲ್ಲಿ ಉಳಿಸಿದರೂ ನನಗೆ ಒಪ್ಪಿಗೆ. ಬೈಕ್ ಕಾಲಿನ ಮೇಲೆ ಬಿದ್ದರೆ ಬೂಟಿನೊಳಗಿನ ಕಾಲು ಉಳಿಯುತ್ತದೆ, ಶೂವಿನೊಳಗಿನದು ಉಳಿಯುವುದಿಲ್ಲ. ಎದೆಯ ಗಾರ್ಡು, ಮಂಡಿಯ ಗಾರ್ಡು ನನ್ನ ಹತ್ತಿರ ಇವೆ, ಅವನಿಗೆ ಆಗುತ್ತವೆ. ಹೆಲ್ಮೆಟ್ ಮಾತ್ರ ಹಳೆಯದು ಬೇಡ. ಒಂದು ಸಲ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗೇ ಕಂಡರೂ ಒಳಗೆ ಪುಡಿಯಾಗಿರಬಹುದು.

ಚಿಕ್ಕಮ್ಮಾ, ರೇಸು ನಡೆಸುವವರಿಗೆ ನೀನೇ ಫೋನ್ ಮಾಡು. ಪುಟ್ಟ ಮಾಡುವುದು ಬೇಡ, ಅವನು ಹೌದು ಹೌದು ಅಂತ ಇಟ್ಟುಬಿಡುತ್ತಾನೆ. ಎಫ್‌ಎಂಎಸ್‌ಸಿಐ ಮಾನ್ಯತೆ ಇದೆಯಾ ಅಂತ ಕೇಳು. ದೇಶದಲ್ಲಿ ಮೋಟಾರ್ ರೇಸುಗಳನ್ನು ನೋಡಿಕೊಳ್ಳುವ ಒಕ್ಕೂಟ ಅದು. ಇದ್ದರೆ ಸವಾರರಿಗೆ ರೇಸಿನ ಲೈಸೆನ್ಸ್ ಮಾಡಿಸುತ್ತಾರೆ. ಆಂಬುಲೆನ್ಸ್ ಜಾಗದಲ್ಲೇ ನಿಲ್ಲುತ್ತದಾ, ಫೋನ್ ಮಾಡಿದರೆ ಬರುತ್ತದಾ? ಎಷ್ಟು ಕಡೆ ಮಾರ್ಷಲ್‌ಗಳು ಇರುತ್ತಾರೆ? ಕೊನೆಯವರ ಹಿಂದೆ ಯಾರಾದರೂ ದಾರಿ ನೋಡಿಕೊಂಡು ಬರುತ್ತಾರಾ? ಜಾಗದವರು ಒಪ್ಪಿಗೆ ಬರೆದುಕೊಟ್ಟಿದ್ದಾರಾ? ಇದಕ್ಕೆ ತಡವರಿಸಿದರೆ ಅವನ ಹೆಸರು ವಾಪಸ್ ತೆಗೆಸುವವಳು ನಾನೇ. ನನ್ನ ಮೇಲೆ ನಂಬಿಕೆ ಇಡು.

ಈಗ ಬೆಟ್ಟದ ವಿಷಯ. ಪುಟ್ಟಾ, ಇದು ನಿನಗೆ.

ಆ ವಿಡಿಯೊ ನೋಡಿ ನನಗೆ ಮೊದಲು ಹೆಮ್ಮೆ ಆಯಿತು. ನಿಂತ ರೀತಿ ಚೆನ್ನಾಗಿದೆ, ನೋಟ ಮುಂದಿದೆ. ಎರಡನೇ ಸಲ ನೋಡಿದಾಗ ಕಂಡಿದ್ದು ಹಿಂದಿನ ಚಕ್ರ ಮಾಡುತ್ತಿದ್ದ ಕೆಲಸ. ದರಕು ಹಾರಿತು, ಅದರಡಿಯ ಕಪ್ಪು ಮಣ್ಣು ಹಾರಿತು, ಕೆಂಪು ಮಣ್ಣು ಬಂತು. ಅದೇ ಏರನ್ನು ನೀನು ಆರು ಸಲ ಹತ್ತಿದ್ದೀಯ. ಈಗ ಅಲ್ಲಿ ಮೊಣಕೈ ಆಳದ ಒಂದು ಗೀರು ಇದೆ. ಬರುವ ಆಷಾಢದಲ್ಲಿ ಬೆಟ್ಟದ ನೀರೆಲ್ಲ ಆ ಗೀರಿಗೇ ಇಳಿಯುತ್ತದೆ. ಮೂರು ಮಳೆಗಾಲದಲ್ಲಿ ಅದು ಕೊರಕಲು ಆಗುತ್ತದೆ. ಆ ಮಣ್ಣು ಎಲ್ಲಿಗೆ ಹೋಗುತ್ತದೆ? ನಮ್ಮ ತೋಟದ ಬಸಿಗಾಲುವೆಗೇ ಅಲ್ವಾ? ಅದನ್ನು ಎತ್ತಿ ಹಾಕಲು ಆಳು ಸಿಗದೆ ಅಪ್ಪಯ್ಯ ಪ್ರತಿ ವರ್ಷ ಪಡುವ ಪಾಡು ನೀನೂ ನೋಡಿದ್ದೀಯ. 2021ರಲ್ಲಿ ಕಳಚೆಯ ಗುಡ್ಡ ಜಾರಿದ್ದನ್ನು, 2024ರಲ್ಲಿ ಶಿರೂರಿನಲ್ಲಿ ಆಗಿದ್ದನ್ನು ಕಂಡ ಜಿಲ್ಲೆಯವರು ನಾವು. ನಮ್ಮಲ್ಲಿ ಗುಡ್ಡದ ಮಣ್ಣನ್ನು ಸುಮ್ನೆ ಕೆದಕಬಾರದು.

ಇನ್ನೊಂದು, ಬೆಟ್ಟ ನಮ್ಮದು ಅಂತ ಬಾಯಲ್ಲಿ ಹೇಳುತ್ತೇವೆ. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಕೊಟ್ಟರು. ಕೊಟ್ಟಿದ್ದು ಸೊಪ್ಪು, ದರಕು ತರುವ ಸವಲತ್ತು. ನೆಲ ಅರಣ್ಯದ್ದೇ. ನಾವೇ ಅಲ್ಲಿ ಟೈರಿನ ದಾರಿ ಮಾಡಿದರೆ, ವಿಡಿಯೊ ನೋಡಿ ಹುಬ್ಬಳ್ಳಿಯಿಂದ ಇಪ್ಪತ್ತು ಬೈಕು ಬರುತ್ತವೆ. ಆಮೇಲೆ ಯಾರನ್ನು ತಡೆಯುತ್ತೀಯ? ಆ ಏರು ಹತ್ತಿ ಆಚೆ ಇಳಿದರೆ ಅಘನಾಶಿನಿ ಕಣಿವೆ. ಅಲ್ಲಿನ ಸಿಂಗಳೀಕಗಳಿಗೋಸ್ಕರವೇ 2011ರಲ್ಲಿ ಅದನ್ನು ಸಂರಕ್ಷಿತ ಜಾಗ ಮಾಡಿದ್ದಾರೆ. ಸಿಂಗಳೀಕ ಮರದ ಮೇಲೇ ಬದುಕುವ ಪ್ರಾಣಿ. ಅದರ ಮರದ ಕೆಳಗೆ ಬೆಳಗ್ಗೆ ಆರು ಗಂಟೆಗೆ ಎಂಜಿನ್ ಕಿರುಚಿಸುವ ಹಕ್ಕು ನನಗೂ ಇಲ್ಲ, ನಿನಗೂ ಇಲ್ಲ. ರೇಸು ನಡೆಯುವ ಎಸ್ಟೇಟಿನಲ್ಲಿ ಒಂದು ದಾರಿ ಹಾಕುತ್ತಾರೆ, ಎರಡು ದಿನ ಓಡಿಸುತ್ತಾರೆ, ಆಮೇಲೆ ಗೀರುಗಳನ್ನು ಮುಚ್ಚುತ್ತಾರೆ. ಹಾಗೆ ಮುಚ್ಚುವವರ ಹತ್ತಿರ ಮಾತ್ರ ನಾನು ಹೋಗುತ್ತೇನೆ.

ಅಭ್ಯಾಸಕ್ಕೆ ಜಾಗ ಬೇಕಲ್ಲ ಅಂತ ಕೇಳುತ್ತೀಯ. ಮನೆ ಹಿಂದೆ ಹಾಳು ಬಿದ್ದ ಅಂಗಳ ಇದೆ. ಅಲ್ಲಿ ಎರಡು ಅಡಿಕೆ ದಬ್ಬೆ, ಒಂದು ಹಳೆಯ ಮರದ ದಿಮ್ಮಿ ಅಡ್ಡ ಹಾಕು. ನಡಿಗೆಯ ವೇಗದಲ್ಲಿ, ಕಾಲು ನೆಲಕ್ಕೆ ಇಡದೆ, ಎಂಟರ ಆಕಾರದಲ್ಲಿ ಹತ್ತು ನಿಮಿಷ ಸುತ್ತು. ಕ್ಲಚ್ ಮೇಲೆ ಒಂದೇ ಬೆರಳು. ವಿಡಿಯೊದಲ್ಲಿ ಇದು ಚೆಂದ ಕಾಣುವುದಿಲ್ಲ. ಆದರೆ ನಿಧಾನಕ್ಕೆ ಓಡಿಸಲು ಬಂದವರೇ ಕಾಡಿನಲ್ಲಿ ಮುಂದೆ ಹೋಗುತ್ತಾರೆ. ರಸ್ತೆಯಲ್ಲಂತೂ ಬೇಡವೇ ಬೇಡ. ನೀಲೇಕಣಿ ಕಡೆ ಗೆಳೆಯರ ಜೊತೆ ಪಂದ್ಯ ಕಟ್ಟುತ್ತೀಯ ಅಂತ ಗೊತ್ತಾದರೆ ಗಾರ್ಡೂ ಇಲ್ಲ, ಅರ್ಧ ದುಡ್ಡೂ ಇಲ್ಲ.

ದೊಡ್ಡಪ್ಪ, ಕೊನೆಕೊಯ್ಲಿನ ಹೊತ್ತಿಗೆ ಮನೆಯಲ್ಲಿ ಒಂದು ಕೈ ಕಡಿಮೆ ಆಗುತ್ತದೆ ಅನ್ನುವ ನಿಮ್ಮ ಚಿಂತೆ ನನಗೆ ಅರ್ಥ ಆಗುತ್ತದೆ. ರೇಸಿನ ವಾರ ನಾನು ರಜೆ ಹಾಕಿ ಬರುತ್ತೇನೆ. ಅಡಿಕೆ ಸುಲಿಯುವುದು ನನಗೆ ಮರೆತಿಲ್ಲ. ಅವನಿಗೆ ಪೆಟ್ಟಾದರೆ ಕೊಯ್ಲು ಮುಗಿಯುವ ತನಕ ನಾನೇ ಇರುತ್ತೇನೆ.

ಚಿಕ್ಕಮ್ಮಾ, ಬರುವ ಭಾನುವಾರ ಬೆಳಗ್ಗೆ ಬರುತ್ತೇನೆ, ತಿಂಡಿಗೆ ಅಲ್ಲೇ. ಫೋನ್ ಮಾಡುವಾಗ ನಾನು ನಿನ್ನ ಪಕ್ಕದಲ್ಲಿ ಇರುತ್ತೇನೆ. ಉತ್ತರ ಕೇಳಿದ ಮೇಲೂ ಬೇಡ ಅನ್ನಿಸಿದರೆ ಬೇಡ. ಅವನು ಇನ್ನೂ ನಿನ್ನ ಮನೆಯ ಹುಡುಗ, ಕೊನೆಯ ಮಾತು ನಿನ್ನದೇ.

ಪುಟ್ಟಾ, ಆ ವಿಡಿಯೊ ಇವತ್ತೇ ತೆಗೆ. ಆ ಗೀರಿಗೆ ಅಡ್ಡಲಾಗಿ ಕಲ್ಲು ಜೋಡಿಸಿ, ಮೇಲೆ ಸೊಪ್ಪು, ದರಕು ತುಂಬಬೇಕು. ಗುದ್ದಲಿ, ಬುಟ್ಟಿ ತೆಗೆದಿಡು. ತಿಂಡಿ ಆದ ಕೂಡಲೇ ಇಬ್ಬರೂ ಬೆಟ್ಟಕ್ಕೆ ಹೋಗೋಣ.