ಶಾಲೆಯ ಚಾಪೆಲ್‌ಗೆ ಬಣ್ಣಗಾಜಿನ ಕಿಟಕಿ: ವೀರಗಲ್ಲಿನ ಕ್ರಮ ಒಗ್ಗುವುದೇ?

ಚಿತ್ರಕಲಾ ಶಿಕ್ಷಕಿ, ಸಾಗರ:
ನಮ್ಮ ಶಾಲೆಯ ಚಾಪೆಲ್‌ನ ಪಡುವಣ ಗೋಡೆಯಲ್ಲಿ ಆರು ಅಡಿ ಎತ್ತರದ ಕಿಟಕಿಯೊಂದಿದೆ. ಸೇನೆಗೆ ಸೇರಿ ಮರಳಿ ಬಾರದ ಹಳೆಯ ವಿದ್ಯಾರ್ಥಿಗಳ ನೆನಪಿಗೆ ಅದನ್ನು ಬಣ್ಣಗಾಜಿನಲ್ಲಿ ಮಾಡಿಸುತ್ತಿದ್ದೇವೆ. ನಕ್ಷೆ ಬರೆಯುವ ಹೊಣೆ ನನ್ನದು. ಅವರಲ್ಲೊಬ್ಬ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು, ಏನು ಹೇಳಿದರೂ ಕುದುರೆಗಳನ್ನೇ ಬರೆಯುತ್ತಿದ್ದ ಹುಡುಗ.

1914–18ರ ಮಹಾಯುದ್ಧದ ಬಳಿಕ ಇಂಗ್ಲೆಂಡಿನ ಎಷ್ಟೋ ಚಾಪೆಲ್‌ಗಳಲ್ಲಿ ಇಂಥ ಕಿಟಕಿಗಳಾದವು: ಕವಚ ತೊಟ್ಟ ಸಂತ ಜಾರ್ಜ್, ಕಾಲಡಿಯಲ್ಲಿ ಡ್ರ್ಯಾಗನ್. ಅದನ್ನೇ ನಕಲು ಮಾಡಲು ನನಗೆ ಮನಸ್ಸಿಲ್ಲ. ನಾನು ಶಿಕಾರಿಪುರದ ಕಡೆಯವಳು, ಬಳ್ಳಿಗಾವಿಯ ವೀರಗಲ್ಲುಗಳನ್ನು ನೋಡುತ್ತ ಬೆಳೆದವಳು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. ಅಪ್ಸರೆಯರ ಜಾಗದಲ್ಲಿ ದೇವದೂತರು, ಲಿಂಗದ ಜಾಗದಲ್ಲಿ ಶಿಲುಬೆ ಬರೆದರೆ ಗಾಜಿನಲ್ಲಿ ಆ ಕ್ರಮ ನಿಲ್ಲುವುದೇ?

ಗಾಜಿನ ಕೆಲಸಗಾರ, ಶಿವಮೊಗ್ಗ:
ಚೆನ್ನಾಗಿಯೇ ನಿಲ್ಲುತ್ತದೆ. ಗಾಜಿನ ತುಂಡುಗಳನ್ನು ಹಿಡಿಯುವ ಸೀಸ ಮೆದು. ಆರು ಅಡಿಯನ್ನು ಒಂದೇ ಹಲಗೆಯಾಗಿ ಮಾಡಿದರೆ ವರ್ಷಗಳು ಕಳೆದಂತೆ ತನ್ನ ಭಾರಕ್ಕೇ ಉಬ್ಬುತ್ತದೆ. ವೀರಗಲ್ಲಿನ ಹಾಗೆ ಮೂರು ಹಲಗೆ ಮಾಡಿ, ನಡುವೆ ಅಡ್ಡಸರಳು ಕೊಡಿ. ಆದರೆ ಪಡುವಣ ಗೋಡೆ ಎಂದಿರಿ, ಮಳೆ ಬಡಿಯುವುದೇ ಆ ಕಡೆಯಿಂದ. ಹೊರಗೆ ಕಾಪಿನ ಗಾಜು ಹಾಕುವುದಾದರೆ ಮೇಲೂ ಕೆಳಗೂ ಗಾಳಿಕಿಂಡಿ ಬಿಡಿಸಿ. ಇಲ್ಲವಾದರೆ ಒಳಗೆ ನೀರಾವಿ ಕಟ್ಟಿ ಬೂಸ್ಟು ಹಿಡಿಯುತ್ತದೆ.

ಹೆಸರುಗಳನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮುದ್ರಿಸಿ ಅಂಟಿಸೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಲೋಹದ ಆಕ್ಸೈಡ್ ಮತ್ತು ಗಾಜಿನ ಪುಡಿ ಬೆರೆಸಿದ ಬಣ್ಣದಲ್ಲಿ ಬರೆದು, ಕುಲುಮೆಯಲ್ಲಿ 600 ಡಿಗ್ರಿ ಸೆಲ್ಸಿಯಸ್ ದಾಟಿಸಿ ಸುಟ್ಟರೆ ಅಕ್ಷರ ಗಾಜಿಗೇ ಬೆಸೆಯುತ್ತದೆ. ಕೆಂಪು ಮಿತವಾಗಿರಲಿ. ಆಷಾಢದ ಮೋಡದಲ್ಲಿ ಅದು ಕಪ್ಪಿಟ್ಟು ಕಾಣುತ್ತದೆ. ನೀಲಿಗೆ ಅಷ್ಟು ಬೆಳಕೇ ಸಾಕು.

ನಿವೃತ್ತ ಸುಬೇದಾರ, ತೀರ್ಥಹಳ್ಳಿ:
ಮೇಡಂ, ಕೆಳಗಿನ ಕಾಳಗದ ಬಗ್ಗೆ ಒಂದು ಮಾತು. ಸತ್ತವರೆಲ್ಲ ಕಾದಾಡುತ್ತ ಸತ್ತವರಲ್ಲ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಚಳಿ, ಹಿಮಕುಸಿತ, ಉಸಿರು ಕಟ್ಟಿಸುವ ಎತ್ತರ. ಅಂಥವನ ಮನೆಯವರು ಆ ಕಿಟಕಿಯ ಮುಂದೆ ನಿಂತರೆ ತಮ್ಮ ಮಗನನ್ನು ಎಲ್ಲಿ ಹುಡುಕಬೇಕು? ಹೆಸರುಗಳು ಐದನೆಯ ತರಗತಿಯ ಮಗುವಿನ ಕಣ್ಣಳತೆಯಲ್ಲಿರಲಿ. ಹುದ್ದೆ ಬೇಡ, ಊರಿನ ಹೆಸರು ಬರೆಯಿರಿ.

ಚಿತ್ರಕಲಾ ಶಿಕ್ಷಕಿ, ಸಾಗರ:
ಸುಬೇದಾರರೇ, ನಿಮ್ಮ ಮಾತು ಓದಿ ಕೆಳಗಿನ ಪಟ್ಟಿಯನ್ನು ಅಳಿಸಿದೆ. ಈಗ ಅಲ್ಲಿ ಮಳೆ, ಬಸ್ ನಿಲ್ದಾಣ, ಹಸಿರು ಟ್ರಂಕು, ಕೊಡೆ ಹಿಡಿದು ನಿಂತ ತಾಯಿ. ಅದರಡಿಯಲ್ಲಿ ಹೆಸರುಗಳು ಮತ್ತು ಊರುಗಳು. ಸೂರ್ಯಚಂದ್ರರು ತುದಿಯಲ್ಲೇ ಇರುತ್ತಾರೆ. ದೂರದಲ್ಲಿ, ಗದ್ದೆಯ ಅಂಚಿನಲ್ಲಿ, ಒಂದು ಕುದುರೆ. ಅದನ್ನು ನಾನು ಬರೆಯುವುದಿಲ್ಲ. ಆ ಹುಡುಗನ ಏಳನೆಯ ತರಗತಿಯ ಚಿತ್ರದ ಪುಸ್ತಕವನ್ನು ಅವನ ತಾಯಿ ಇಟ್ಟುಕೊಂಡಿದ್ದಾರೆ, ಭಾನುವಾರ ಹೋಗಿ ಕೇಳುತ್ತೇನೆ.